ಯಾರೂ ತೊಡದ ಫ್ರಾಕಿನ ಕಲೆ

ಟೀ ಚೆಲ್ಲಿದಾಗ ಫ್ರಾಕಿನೊಳಗೆ ಮಗು ಇರಲಿಲ್ಲ. ಯಜಮಾನರಿಗೆ ಆ ವಿಷಯದಲ್ಲಿ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಬಚ್ಚಲಮನೆಯ ಕಿಟಕಿಯ ಬೆಳಕಿಗೆ ಹಳದಿ ಫ್ರಾಕನ್ನು ಹಿಡಿದು ಇನ್ನೊಮ್ಮೆ ನೋಡಿದರು. ತೊಟ್ಟ ಬಟ್ಟೆಯ ಮೇಲೆ ಟೀ ಬಿದ್ದರೆ ಕೆಳಕ್ಕೆ ಹರಿಯುತ್ತದೆ, ಬಾಲ ಬಿಡುತ್ತದೆ. ಇದು ತಟ್ಟೆಯ ಹಾಗೆ ಗುಂಡಗೆ ಕೂತಿತ್ತು. ಎದೆಯ ಮೇಲೆ ಎಲ್ಲಿತ್ತೋ ಬೆನ್ನಿನ ಮೇಲೂ ಸರಿಯಾಗಿ ಅಲ್ಲೇ ಇತ್ತು. ಅಂದರೆ ಯಾರೋ ಫ್ರಾಕನ್ನು ಮೇಜಿನ ಮೇಲೆ ಹಾಸಿ, ನಿಧಾನವಾಗಿ, ಬೇಕೆಂದೇ ಸುರಿದಿದ್ದಾರೆ. ನಲವತ್ತು ವರ್ಷ ಲಾಂಡ್ರಿ ನಡೆಸಿದ ಮನುಷ್ಯನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

“ಗುಬ್ಬಿ ಮತ್ತೆ ಚೆಲ್ಕೊಂಡಳಾ?” ಎಂದು ಅಡುಗೆಮನೆಯ ಕಡೆಗೆ ಕೇಳಿದರು.

“ಹೂಂ ಮಾವ. ಅವಳ ಕೈ ಒಂದು ಕಡೆ ನಿಲ್ಲಲ್ಲ. ನೀವು ತೆಗೆದರೇ ಅದು ಹೋಗೋದು,” ಎಂದಳು ಸೊಸೆ, ಬೆಣ್ಣೆಯಂಥ ದನಿಯಲ್ಲಿ.

ಐದು ವರ್ಷದ ಮೊಮ್ಮಗಳು ಗುಬ್ಬಿ ಟೀ ಕುಡಿಯುವುದೇ ಇಲ್ಲ ಎಂಬುದು ಬೇರೆ ಮಾತು. ಯಜಮಾನರು ಫ್ರಾಕನ್ನು ತಿರುವಿ ಹಾಕಿ, ಹಿಂಬದಿಯಿಂದ ತಣ್ಣೀರು ಬಿಟ್ಟು, ಅಂಚಿನಿಂದ ನಡುವಿಗೆ ತಿಕ್ಕತೊಡಗಿದರು. ನಡುವಿನಿಂದ ತಿಕ್ಕಿದರೆ ಕಲೆ ಊರಗಲ ಹರಡುತ್ತದೆ. ಇದು ಈಗಿನವರಿಗೆ ಎಲ್ಲಿ ಗೊತ್ತು?

ಎಂಟು ತಿಂಗಳ ಹಿಂದೆ ಅವರು ಅಂಗಡಿಯ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದು ಬಿದ್ದಿದ್ದರು. ಲಕ್ವ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾತು ಮರಳಿತ್ತು, ಕಾಲು ಮರಳಿತ್ತು. ಬಲಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಕೈಯಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅಂಗಡಿ ಮುಚ್ಚಿತು. ವ್ಯಾಯಾಮ ಹೇಳಿಕೊಡಲು ಮನೆಗೆ ಬಂದವರನ್ನು ಎರಡೇ ದಿನಕ್ಕೆ ಬೈದು ಓಡಿಸಿದರು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅಂಗಡಿ ಇಲ್ಲದ ಯಜಮಾನ ಮನೆಗೆ ಭಾರ ಎಂದು ಯಾರೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವರನ್ನು ಹೆಚ್ಚು ಚುಚ್ಚಿತು.

ಕಲೆಗಳ ಕಾಟ ಶುರುವಾದದ್ದು ಅದಾದ ಮೇಲೆ. ಮೊದಲು ನೀರಿನ ಬಣ್ಣ. ನೆನೆಸಿ ಸುಮ್ಮನೆ ಅಲುಗಾಡಿಸಿದರೆ ಸಾಕು, ಹೋಗುತ್ತಿತ್ತು. ಆಮೇಲೆ ಹಣ್ಣಿನ ರಸ. ಆಮೇಲೆ ಬೀಟ್‌ರೂಟು, ಹುಲ್ಲು, ಶಾಯಿ. ಬಟ್ಟೆಗಳೂ ದೊಡ್ಡವಾಗುತ್ತ ಹೋದವು. ಕರವಸ್ತ್ರ ಮುಗಿದು ಫ್ರಾಕು, ಫ್ರಾಕಿನ ನಂತರ ದಿಂಬಿನ ಚೀಲ, ಕಳೆದ ವಾರ ಮೇಜಿನ ದಪ್ಪ ಹಾಸು. ಅದನ್ನು ಯಜಮಾನರು ಹುರಿ ಹಾಕಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡುತ್ತಿದ್ದರೆ, ಸೊಸೆ ಬಾಗಿಲಲ್ಲಿ ನಿಂತು ಎವೆಯಿಕ್ಕದೆ ನೋಡುತ್ತಿದ್ದಳು. ಮೇಸ್ತ್ರಿ ಕೂಲಿಯವನನ್ನು ನೋಡುವ ಹಾಗೆ.

ಮಗನ ಕಿವಿಗೆ ಹಾಕಿದರು. ಅವನು ಪೇಪರಿನ ಹಿಂದೆ ಅಡಗಿಕೊಂಡು, “ಮಾಡಿ ಅಪ್ಪ, ಹೊತ್ತು ಹೋಗತ್ತೆ,” ಎಂದ. ಅವನೂ ಶಾಮೀಲು.

ಇನ್ನೊಂದು ಸಂಗತಿ ಇತ್ತು. ವಾಷಿಂಗ್ ಮಷೀನ್ ಕೆಟ್ಟಿದೆ ಎಂದು ಸೊಸೆ ಮೂರು ತಿಂಗಳಿಂದ ಹೇಳುತ್ತಿದ್ದಳು. ಅವಳು ಗುಬ್ಬಿಯನ್ನು ಶಾಲೆಗೆ ಬಿಡಲು ಹೋದ ಹೊತ್ತು ನೋಡಿ ಯಜಮಾನರು ಪ್ಲಗ್ ಸಿಕ್ಕಿಸಿ ಗುಂಡಿ ಒತ್ತಿದರು. ಗರಗರ ಎಂದು ತಿರುಗಿತು, ಹೊಸದರಂತೆ. ಒಂದು ಕಾಲಕ್ಕೆ ಆರು ಜನರಿಗೆ ಕೆಲಸ ಕೊಟ್ಟವರು ಈಗ ತಮ್ಮದೇ ಮಗನ ಮನೆಯಲ್ಲಿ ಎರಡು ತುತ್ತಿಗೆ ಬಟ್ಟೆ ಒಗೆಯುವ ಆಳು.

ಭಾನುವಾರ ಬೆಳಿಗ್ಗೆ ಕಣ್ಣಾರೆ ಕಂಡರು. ಬಾಗಿಲ ಸಂದಿಯಿಂದ ಅಡುಗೆಮನೆಯ ಮೇಜು ಪೂರ್ತಿ ಕಾಣುತ್ತಿತ್ತು. ಸೊಸೆ ಒಗೆದ ಬಿಳಿ ಹೊದಿಕೆಯೊಂದನ್ನು ಹಾಸಿ, ಸೈಕಲ್ ಚೈನಿನ ಕಪ್ಪು ಎಣ್ಣೆಯಲ್ಲಿ ಚಿಂದಿಯನ್ನು ಅದ್ದಿ ಬಳಿಯುತ್ತಿದ್ದಳು. ಗುಬ್ಬಿ ಕುರ್ಚಿಯ ಮೇಲೆ ನಿಂತಿದ್ದಳು.

“ಇನ್ನೂ ಹಾಕಮ್ಮ. ನಿನ್ನೆದು ಅಜ್ಜ ಬೇಗ ತೆಗೆದ್ಬಿಟ್ಟರು.”

“ಮೆಲ್ಲಗೆ ಮಾತಾಡೇ. ಇದು ಬೇಗ ಹೋಗಲ್ಲ. ತಿಕ್ಕಿ ತಿಕ್ಕಿ ಸಾಕಾಗಬೇಕು ಅವರಿಗೆ.”

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಯಜಮಾನರ ಮೈ ಉರಿದುಹೋಯಿತು. ಹಾಲುಗಲ್ಲದ ಕೂಸಿಗೂ ಪಾಠ ಆಗಿದೆ. ಕೋಣೆಗೆ ಹೋಗಿ ತಗಡಿನ ಪೆಟ್ಟಿಗೆಯನ್ನು ಮಂಚದ ಕೆಳಗಿಂದ ಎಳೆದರು. ನಾಲ್ಕು ಅಂಗಿ, ಎರಡು ಟವೆಲ್, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಕಲ್ಲಿನಂಥ ಹಳೆಯ ಇಸ್ತ್ರಿಪೆಟ್ಟಿಗೆ. ಮುಚ್ಚಳ ಒತ್ತಿ ಚಿಲಕ ಹಾಕಿ, ಎತ್ತಿಕೊಂಡು ಹೊರಟರು. ಕಣ್ಣು ಮಂಜಾಗಿತ್ತು. ಒರೆಸಿಕೊಳ್ಳಲಿಲ್ಲ.

ಹೊಸ್ತಿಲ ಹತ್ತಿರ ಸೊಸೆ ಎದುರಾದಳು. ಬೆರಳುಗಳಲ್ಲಿ ಇನ್ನೂ ಎಣ್ಣೆಯ ಕಪ್ಪು.

“ಎಲ್ಲಿಗೆ ಮಾವ?”

“ತಂಗಿ ಮನೆಗೆ. ಬಿಟ್ಟಿ ಚಾಕರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಮಷೀನು ತಿರುಗೋದನ್ನ ನೋಡಿದೀನಿ. ನೀನು ಎಣ್ಣೆ ಬಳಿದಿದ್ದನ್ನೂ ನೋಡಿದೀನಿ. ನನಗೆ ಕಣ್ಣಿದೆ ತಾಯಿ.”

ಅವಳು ಇಲ್ಲ ಎನ್ನಲಿಲ್ಲ. ತಡೆಯಲೂ ಇಲ್ಲ. ಅವರ ಮುಖವನ್ನು ಬಿಟ್ಟು ಕೆಳಗೆಲ್ಲೋ ನೋಡುತ್ತ, ಎಣ್ಣೆ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯಿತು. ನಾಚಿಕೆಯಾಗಲಿ ಎಂದುಕೊಂಡರು ಯಜಮಾನರು. ಕ್ಷಮೆ ಕೇಳಲಿ ಎಂದು ಭಾರದ ಪೆಟ್ಟಿಗೆ ಹಿಡಿದುಕೊಂಡೇ ಇನ್ನಷ್ಟು ಹೊತ್ತು ಬಿಗಿಯಾಗಿ ನಿಂತರು.

“ಹೋಗೋದಾದರೆ ಹೋಗಿ ಮಾವ,” ಎಂದಳು ಅವಳು ಕೊನೆಗೆ, ಅಳುತ್ತಲೇ ನಗುತ್ತ. “ಅದಕ್ಕೆ ಮುಂಚೆ, ಪೆಟ್ಟಿಗೆ ಯಾವ ಕೈಯಲ್ಲಿ ಹಿಡ್ಕೊಂಡಿದೀರಿ ಅಂತ ಒಂದ್ಸಲ ನೋಡ್ಕೊಳ್ಳಿ.”