ಯಂತ್ರಕ್ಕೆ ಕುಂಕುಮ

ಭೌತವಿಜ್ಞಾನಿ ಮೃದುಲಾಳ ಟೆರಾಹರ್ಟ್ಸ್ ಕಿರಣದ ಯಂತ್ರದ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಅನುದಾನ ಸಮಿತಿಯ ಅಧ್ಯಕ್ಷರ ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಇಷ್ಟು ವರ್ಷ ಫಿಸಿಕ್ಸ್ ಮಾಡಿ ಇದೇನಮ್ಮ? ಮೂಢನಂಬಿಕೆಗೆಲ್ಲ ನಾನು ಅನುದಾನ ಕೊಡಲ್ಲ."

ಅನುದಾನ ನಿಂತರೆ ಪ್ರಯೋಗಾಲಯವೇ ಮುಚ್ಚಿಹೋಗುತ್ತಿತ್ತು. "ಒಂದು ಸಲ ಇದರ ಕೆಲಸ ನೋಡಿ ಸಾರ್. ಈ ಕಿರಣ ಬಟ್ಟೆ ದಾಟುತ್ತೆ, ಲೋಹ ದಾಟಲ್ಲ. ಇಲ್ಲಿ ನಿಂತ್ಕೊಳ್ಳಿ," ಎಂದಳು ಮೃದುಲಾ.

ಅವರು ನಿಂತರು. ಪರದೆಯ ಮೇಲೆ, ಅವರ ಸೊಂಟದ ಬಳಿ, ಪುಟ್ಟ ಕೊಳವೆಯಂಥದ್ದೊಂದು ಮೂಡಿತು.

"ಜೇಬಲ್ಲಿ ಪೆನ್ ಕ್ಯಾಪ್ ಏನಾದ್ರೂ ಇದೆಯಾ ಸಾರ್?"

"ಏನೂ ಇಲ್ಲ."

ಸಮಿತಿಯ ಹಿರಿಯ ಸದಸ್ಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ತಾಯತ ಇದ್ದಂಗಿದೆಯಲ್ರೀ."

ಅಧ್ಯಕ್ಷರು ಸೊಂಟಕ್ಕೆ ಕೈ ಅಡ್ಡ ಹಿಡಿದರು.

"ಅನುದಾನ ಮಂಜೂರು. ಮೊದಲು ಅದನ್ನ ಆಫ್ ಮಾಡಮ್ಮ."