ತಾಳೆ

ಅವಳ ಪಿಎಚ್‌ಡಿ ಗೈಡ್ ಹದಿನೆಂಟು ವರ್ಷದ ಹಿಂದೆ ಬರೆದ ಕಂಪ್ಯೂಟರ್ ಪ್ರೋಗ್ರಾಮೇ ಆ ಲ್ಯಾಬಿಗೆ ಅಳತೆಗೋಲು. ಡಿಟೆಕ್ಟರಿನೊಳಗೆ ಕಣವೊಂದು ಹೊಕ್ಕರೆ ಎಷ್ಟು ಬೆಳಕು ಹೊಮ್ಮಬೇಕೆಂದು ಅದು ಲೆಕ್ಕ ಹಾಕುತ್ತಿತ್ತು. ಅವರ ಹೆಸರು, ಅವರ ಶಿಷ್ಯರ ಡಾಕ್ಟರೇಟುಗಳು ಎಲ್ಲ ಅದರ ಮೇಲೆಯೇ ನಿಂತಿದ್ದವು. ಅವಳ ಕೆಲಸ ಮುಗಿಸಲು ಅದಕ್ಕೆ ಹನ್ನೊಂದು ತಿಂಗಳು ಬೇಕಿತ್ತು. ಪ್ರಬಂಧ ಒಪ್ಪಿಸಲು ಅವಳಿಗೆ ಉಳಿದದ್ದು ಮೂರು.

"ಗ್ರಾಫಿಕ್ಸ್ ಕಾರ್ಡ್ ತರಿಸಿಕೊಡಿ ಸರ್. ಅದರಲ್ಲಿ ಸಾವಿರಾರು ಲೆಕ್ಕ ಒಟ್ಟಿಗೇ ಓಡುತ್ತೆ, ಎರಡು ದಿನದಲ್ಲಿ ಮುಗಿಯುತ್ತೆ."

"ಅದೆಲ್ಲ ಬೇಡಮ್ಮ. ಹಳೇದೇ ಓಡಲಿ."

ಅವಳು ತಮ್ಮನ ಗೇಮಿಂಗ್ ಕಂಪ್ಯೂಟರಿನಿಂದ ಕಾರ್ಡು ಬಿಚ್ಚಿ ತಂದಳು. ಪಠ್ಯಪುಸ್ತಕದ ಸೂತ್ರಗಳನ್ನು ಹಿಡಿದು, ಆ ಕಾರ್ಡಿಗೆಂದೇ ಪ್ರೋಗ್ರಾಮನ್ನು ಹೊಸದಾಗಿ ಬರೆದಳು. ಎರಡೇ ದಿನದಲ್ಲಿ ಉತ್ತರ ಬಂತು. ಆದರೆ ಹಳೆಯದು ಅಷ್ಟರಲ್ಲಿ ಮುಗಿಸಿದ್ದ ಭಾಗಕ್ಕೆ ಹೋಲಿಸಿದರೆ ಏಳು ಪರ್ಸೆಂಟ್ ಕಡಿಮೆ. ಮತ್ತೆ ಓಡಿಸಿದಳು. ಮತ್ತೆ ಏಳೇ.

ಹಳೆಯದಕ್ಕೆ ತಾಳೆಯಾಗದ ಲೆಕ್ಕವನ್ನು ಆ ಲ್ಯಾಬಿನಲ್ಲಿ ಯಾರೂ ಹೊರಗೆ ತೋರಿಸುತ್ತಿರಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ತನ್ನ ತಪ್ಪನ್ನೇ ಹುಡುಕಿದಳು. ಒಂದೊಂದು ಸಾಲನ್ನೂ ಕಾಗದದ ಮೇಲೆ ಬಿಡಿಸಿ ನೋಡಿದಳು. ಊಟ ಸೇರಲಿಲ್ಲ, ಕೂದಲು ಉದುರಿತು, ತಪ್ಪು ಮಾತ್ರ ಸಿಗಲಿಲ್ಲ.

ಕೊನೆಗೆ ಗೈಡ್ ಕೋಣೆಗೆ ಹೋದಳು.

"ಸರ್, ನಾನು ಕಾರ್ಡಲ್ಲಿ ಮಾಡಿದ ಲೆಕ್ಕ ನಿಮ್ಮದಕ್ಕೆ ತಾಳೆ ಆಗ್ತಿಲ್ಲ. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ. ಇನ್ನು ನನ್ನ ಕೈಲಾಗಲ್ಲ, ಪಿಎಚ್‌ಡಿ ಬಿಟ್ಟುಬಿಡ್ತೀನಿ."

ಎಷ್ಟು ವ್ಯತ್ಯಾಸವೆಂದು ಅವರು ಕೇಳಲಿಲ್ಲ. ಬಾಗಿಲು ಹಾಕಿ ಬಾ ಎಂದರು.

"ಏಳು ಪರ್ಸೆಂಟ್ ಕಮ್ಮಿ ಬರ್ತಿದೆ, ಅಲ್ವಾ?"