ರೇಡಿಯೋಗೆ ಎರಡು ಹನಿ ಎಣ್ಣೆ

“ಎಂಟು ನಿಮಿಷ ಪೆನ್ನು ಮುಟ್ಟೋ ಹಾಗಿಲ್ಲ,” ಎಂದು ಚಿಕ್ಕಮ್ಮ ಹಾಳೆಯನ್ನು ಬೋರಲು ಇಟ್ಟು, ಅಡುಗೆಮನೆಯಿಂದ ತಂದ ಪುಟ್ಟ ಗಂಟೆ ಗಡಿಯಾರವನ್ನು ಐವತ್ತು ನಿಮಿಷಕ್ಕೆ ತಿರುಗಿಸಿದಳು. “ಗುರುವಾರ ಪರೀಕ್ಷೆ ಹಾಲಲ್ಲಿ ನಾನಿರಲ್ಲ, ಗಡಿಬಿಡಿ ಹುಡುಗಿ. ಓದೋಕೆ ಮುಂಚೆ ಬರೆಯೋಕೆ ಹೊರಟ್ರೆ ಕೈ ಹಿಡಿಯೋರು ಯಾರೂ ಇಲ್ಲ.”

ಹುಡುಗಿ ಕೂತಿದ್ದು ಅಮ್ಮನ ಹೊಲಿಗೆ ಮಷೀನಿನ ಮುಂದೆ. ಎರಡು ತಿಂಗಳ ಹಿಂದೆ ಅಪ್ಪ ಅಮ್ಮನನ್ನು ದೂರದ ಆಸ್ಪತ್ರೆಗೆ ಕರೆದೊಯ್ದ ಮೇಲೆ, ಮಷೀನಿನ ತಲೆಯನ್ನು ಒಳಗೆ ಮಡಚಿ, ಮೇಲಿನ ಹಲಗೆಯನ್ನು ಓದುವ ಮೇಜು ಮಾಡಿಕೊಂಡಿದ್ದಳು. ಪರೀಕ್ಷೆ ಇಷ್ಟೇ: ಹಿಂದೆಂದೂ ಕಾಣದ ಒಂದು ಪುಟ, ಬರೆದವರ ಹೆಸರಿಲ್ಲ, ಐವತ್ತು ನಿಮಿಷದಲ್ಲಿ ಓದಿ ವಿಮರ್ಶೆ ಬರೆಯಬೇಕು. ಗೆದ್ದರೆ ಕಾಲೇಜಿನ ಸೀಟು. ಸಾಹಿತ್ಯದ ಟೀಚರಾದ ಚಿಕ್ಕಮ್ಮ ದಿನಕ್ಕೊಂದು ಪುಟ ಟೈಪು ಮಾಡಿ ತರುತ್ತಿದ್ದಳು.

ಇವತ್ತಿನದು ಒಂದು ಪತ್ರ. ಬೆಟ್ಟದ ಮೇಲಿನ ಅತಿಥಿಗೃಹದಿಂದ ಯಾರೋ ಒಬ್ಬಳು ತನ್ನ ತಂಗಿಗೆ ಬರೆದದ್ದು. ‘ಇಲ್ಲಿನ ಕಿಟಕಿ ದೊಡ್ಡದು. ಗಾಳಿ ಚೆನ್ನಾಗಿದೆ. ಮಗನ ಪಂದ್ಯ ಮುಗಿಯುವವರೆಗೂ ಯಾರೂ ಇಲ್ಲಿಗೆ ಬರಬೇಡಿ. ಹಸಿರು ಶಾಲು ನಿನಗೇ ಒಪ್ಪುತ್ತದೆ, ಹೊದ್ದುಕೋ. ರೇಡಿಯೋವನ್ನು ಸುಮ್ಮನೆ ಬಿಡಬೇಡಿ, ಶನಿವಾರಕ್ಕೊಮ್ಮೆ ತಪ್ಪದೆ ಎರಡು ಹನಿ ಎಣ್ಣೆ ಬಿಡಿ. ಬೇಕಾದವರು ಬಂದರೆ ಕೊಟ್ಟುಬಿಡಿ.’ ಹೀಗೇ ಒಂದು ಪುಟ. ಹುಡುಗಿ ಮೂರು ಸಲ ಓದಿದಳು. ಯೋಚಿಸುವಾಗ ಅವಳ ಪಾದ ತಾನಾಗಿ ಪೆಡಲ್ ಒತ್ತುತ್ತಿತ್ತು, ಅದು ಕಿರುಗುಟ್ಟುತ್ತಿತ್ತು. ಬೇರೆ ದಿನವಾಗಿದ್ದರೆ ಚಿಕ್ಕಮ್ಮ ಗದರುತ್ತಿದ್ದಳು. ಇವತ್ತು ಗೋಡೆಗೆ ಒರಗಿ ನಿಂತೇ ಇದ್ದಳು.

“ಮುಗೀತು! ಇನ್ನೂ ಐದು ನಿಮಿಷ ಇದೆ.”

“ಓದಿ ಹೇಳು.”

ಹುಡುಗಿ ಗಂಟಲು ಸರಿಮಾಡಿಕೊಂಡಳು. “ಈ ಪತ್ರ ಮೇಲ್ನೋಟಕ್ಕೆ ನಗುತ್ತದೆ. ಆದರೆ ಇವಳು ಮನೆಗೆ ಮರಳುವುದಿಲ್ಲ; ಅದು ಇವಳಿಗೆ ಗೊತ್ತು. ತನ್ನದೆಂಬುದನ್ನೆಲ್ಲ ಒಂದೊಂದಾಗಿ ಬೇರೆಯವರ ಕೈಗೆ ಇಡುತ್ತಿದ್ದಾಳೆ. ತನಗಾಗಿ ಏನನ್ನೂ ಕೇಳುವುದಿಲ್ಲ.”

“ಅದು ಹೇಗೆ ಹೇಳ್ತೀಯ?” ಚಿಕ್ಕಮ್ಮನ ದನಿ ಜಗಳಕ್ಕೆ ಬಂದ ಹಾಗಿತ್ತು. “ಗಾಳಿ ಚೆನ್ನಾಗಿದೆ ಅಂತ ಬರೆದಿದಾಳಲ್ಲ.”

“ಅಯ್ಯೋ, ಅದೇ ಕಣ್ಣಿಗೆ ಮಣ್ಣೆರಚೋದು! ವಾಪಸ್ ಬರೋರು ಏನಾದ್ರೂ ಕೇಳ್ತಾನೇ ಇರ್ತಾರೆ. ಅಮ್ಮನ್ನೇ ನೋಡು. ಫೋನ್ ಮಾಡಿದ್ರೆ ಸಾಕು, ಬಾಚಣಿಗೆ ಕಳಿಸು, ಕನ್ನಡಕದ ಡಬ್ಬಿ ಹುಡುಕು, ಬರೀ ಪಟ್ಟಿ.”

“ಕೊನೇ ಸಲ ಏನು ಕೇಳಿದ್ಲು?”

“ಕಾಲುಚೀಲ. ಹೋದ ತಿಂಗಳು.” ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. “ಈಗ ಅಮ್ಮಂಗೆ ಗಂಟಲು ನೋವಂತೆ, ಅಪ್ಪನೇ ಮಾತಾಡೋದು. ಅದಿರಲಿ, ಮಾರ್ಕು?”

“ಇಪ್ಪತ್ತಕ್ಕೆ ಹತ್ತೊಂಬತ್ತು.”

ಚಿಕ್ಕಮ್ಮ ಹದಿನಾಲ್ಕು ದಾಟಿಸಿದವಳೇ ಅಲ್ಲ. ಹುಡುಗಿ ಕೂತಲ್ಲೇ ಕುಣಿದಳು. “ಆ ಒಂದು ಯಾಕೆ ಕಿತ್ಕೊಂಡೆ, ಜಿಪುಣಿ? ಮಾರ್ಕು ಕಳೀಬೇಕಾದ್ರೆ ಬರೆದೋರಿಗೆ ಕಳಿ. ರೇಡಿಯೋಗೆ ಯಾರಾದ್ರೂ ಎಣ್ಣೆ ಬಿಡ್ತಾರಾ? ಅದೂ ಶನಿವಾರ ಶನಿವಾರ?”

ನಗುತ್ತ ಪೆಡಲ್ ಒತ್ತಿದಳು. ಅದು ಕಿರುಗುಟ್ಟಿತು. ಎರಡು ತಿಂಗಳಿಂದ ಅದಕ್ಕೆ ಯಾರೂ ಎಣ್ಣೆ ಬಿಟ್ಟಿರಲಿಲ್ಲ.

ಪಾದ ಅಲ್ಲೇ ನಿಂತಿತು. ಹುಡುಗಿ ತಲೆ ಎತ್ತಿದಳು.

“ಮಷೀನು ಅಂತ ಇದ್ದಿದ್ದನ್ನ ರೇಡಿಯೋ ಮಾಡ್ದೆ,” ಚಿಕ್ಕಮ್ಮ ನೆಲ ನೋಡಿಕೊಂಡು ಹೇಳಿದಳು. “ಆಸ್ಪತ್ರೇನ ಅತಿಥಿಗೃಹ ಮಾಡ್ದೆ, ನಿನ್ನ ಮಗ ಮಾಡ್ದೆ, ಪರೀಕ್ಷೇನ ಪಂದ್ಯ ಮಾಡ್ದೆ. ಶುಕ್ರವಾರ ಬಂತು ಈ ಪತ್ರ. ಇಪ್ಪತ್ತು ಸಲ ಓದಿದೀನಿ. ಒಂದ್ಸಲ ಅಕ್ಕ ಹುಷಾರಾಗ್ತಿದಾಳೆ ಅನ್ಸುತ್ತೆ, ಇನ್ನೊಂದ್ಸಲ ಓದಿದ್ರೆ ಬೇರೇನೇ ಅನ್ಸುತ್ತೆ. ಭಾವನ್ನ ಕೇಳಿದ್ರೆ ‘ಪರವಾಗಿಲ್ಲ’ ಅಂತಾರೆ, ಅಷ್ಟೇ. ನಮ್ಮೋರು ಬರೆದಿದ್ದು ನಮಗೆ ಓದೋಕೆ ಬರಲ್ಲ ಕಣೇ. ಯಾರು ಬರೆದಿದ್ದು ಅಂತ ಗೊತ್ತಿಲ್ದೆ ಓದೋರು ಒಬ್ರು ಬೇಕಾಗಿತ್ತು.”

ಹುಡುಗಿ ಪತ್ರದ ಹಾಳೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

“ಏಳು, ಬಟ್ಟೆ ತುಂಬ್ಕೋ. ಎರಡೂವರೆ ಬಸ್ಸಿಗೆ ಹೊರಡೋಣ.”

“ಪರೀಕ್ಷೆ ಮುಗಿಯೋವರೆಗೂ ಬರಬೇಡಿ ಅಂದಿದಾಳಲ್ಲ!”

“ಅಂದಿದಾಳೆ,” ಎಂದು ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಬೀರುವಿನ ಮೇಲಿನ ಬ್ಯಾಗಿಗೆ ಕೈ ಚಾಚಿದಳು.

ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ತಿರುಗಿ ನೋಡಿದರೆ, ಹುಡುಗಿ ತಾನು ಬರೆದದ್ದರ ಮೇಲೆ ಅಡ್ಡಗೆರೆ ಎಳೆಯುತ್ತಿದ್ದಳು, ಮೊದಲ ಸಾಲಿನಿಂದ ಕೊನೆಯವರೆಗೆ, ಹಾಳೆ ಹರಿಯುವಷ್ಟು ಒತ್ತಿ. “ನಾನು ಸರಿಯಾಗಿ ಓದಿಲ್ಲ. ಗಡಿಬಿಡೀಲಿ ಓದಿದೀನಿ. ಇನ್ನೂ ಟೈಮಿದೆ ಅಲ್ವಾ?” ಹೊಸ ಹಾಳೆ ತೆಗೆದು ಬರೆಯತೊಡಗಿದಳು: ‘ಇಲ್ಲಿನ ಕಿಟಕಿ ದೊಡ್ಡದು ಎನ್ನುತ್ತಾಳೆ. ಗಾಳಿ ಚೆನ್ನಾಗಿದೆ ಎನ್ನುತ್ತಾಳೆ...’

ಗಡಿಯಾರದಲ್ಲಿ ಅರ್ಧ ನಿಮಿಷವೂ ಉಳಿದಿರಲಿಲ್ಲ. ಚಿಕ್ಕಮ್ಮ ಸ್ಟೂಲಿನಿಂದ ಇಳಿದು ಓಡಿಬಂದು ಅದನ್ನು ಎತ್ತಿಕೊಂಡು, ಎರಡೂ ಕೈಗಳಿಂದ ಎದೆಗೆ ಒತ್ತಿ ಹಿಡಿದಳು. ಗಂಟೆ ಅವಳ ಅಂಗೈಗಳೊಳಗೇ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಹುಡುಗಿ ಬರೆಯುತ್ತಲೇ ಇದ್ದಳು.